ಎಡೆಗೆ ಇಟ್ಟ ಯುದ್ಧದ ಹಡಗು

ದೀಪದ ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಬಗ್ಗಿತು. ನಡೆದದ್ದು ಇಷ್ಟೇ. ನಮ್ಮ ಯಜಮಾನರು ಮೇಲಿಂದ ಇಳಿದು ಬಂದು, ಎಡೆ ಉಂಡು, ತಮ್ಮ ಹಡಗನ್ನು ಒಂದು ಸುತ್ತು ಓಡಿಸಿ ಹೋದರು ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅದು ನನ್ನ ನಾದಿನಿ ಪುಟ್ಟಮ್ಮನ ಬಾಯಿಂದ ಹೊರಟ ಸುದ್ದಿ. ನಂಬಬೇಡಿ. ಮಾರನೆಯ ದಿನ ಬೆಳಗ್ಗೆ ಅದೇ ದೀಪ, ಅದೇ ಎಣ್ಣೆ, ಅದೇ ಪ್ಲಾಸ್ಟಿಕ್ಕಿನ ಒಂದು ಕಡ್ಡಿ ಇಟ್ಟು ನಾನೇ ಪರೀಕ್ಷೆ ಮಾಡಿದ್ದೇನೆ. ಕಡ್ಡಿಯೂ ಬಗ್ಗಿತು. ಒಂದು ಕಡ್ಡಿಯನ್ನು ಓಡಿಸುವುದಕ್ಕೆ ಯಾರೂ ಮೇಲಿಂದ ಬರುವುದಿಲ್ಲ.

ಇಷ್ಟು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಆ ಹಡಗು ಈಗಲೂ ನಮ್ಮ ನಡುಮನೆಯಲ್ಲಿ ಟಿವಿ ಪಕ್ಕದಲ್ಲಿದೆ. ಅದರ ಮೂರು ಕಂಬಗಳೂ ಒಂದೇ ಕಡೆಗೆ ವಾಲಿವೆ. ಬಂದವರು ಮೊದಲು ಅದಕ್ಕೆ ಕೈ ಮುಗಿದು ಆಮೇಲೆ ನನ್ನನ್ನು ಮಾತಾಡಿಸುತ್ತಾರೆ. ಮೊನ್ನೆ ಡೇರಿಗೆ ಹಾಲು ಹಾಕಿ ಹಿಂತಿರುಗುತ್ತಿದ್ದ ಪಕ್ಕದ ಬೀದಿಯ ಹೆಂಗಸೊಬ್ಬಳು ಒಳಗೆ ಬಂದಳು. ನಾನು ಕುಡಿಯಲು ನೀರು ತರುವಷ್ಟರಲ್ಲಿ ಹಡಗಿನ ಮೂತಿಗೆ ಕುಂಕುಮ ಇಟ್ಟುಬಿಟ್ಟಿದ್ದಳು. ಜನರನ್ನು ಸುಡುವುದಕ್ಕೆ ಕಟ್ಟಿದ ಹಡಗಿಗೆ ಕುಂಕುಮ! ಒರೆಸಲು ಹೋದರೆ ಬಣ್ಣವೂ ಕಿತ್ತು ಬರುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವ ಕೈ ನಿಧಾನ. ಆದರೂ ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ. ನೀವಾದರೂ ಕೂತು ಕೇಳಿ. ನನಗೂ ಹೊತ್ತು ಹೋಗಬೇಕು.

ನಮ್ಮೂರಿಗೂ ಸಮುದ್ರಕ್ಕೂ ಯಾವ ನೆಂಟಸ್ತನವೂ ಇಲ್ಲ. ದೊಡ್ಡಬಳ್ಳಾಪುರ ಬಿಟ್ಟು ಮಾಕಳಿದುರ್ಗದ ಕಡೆ ಬಂದರೆ ಬಂಡೆ ಸಿಗುತ್ತದೆ, ನೀಲಗಿರಿ ತೋಪು ಸಿಗುತ್ತದೆ, ಭಾನುವಾರವಾದರೆ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಹತ್ತಲು ಬರುವ ಹುಡುಗ ಹುಡುಗಿಯರು ಸಿಗುತ್ತಾರೆ. ನೀರಿನ ವಿಷಯ ಮಾತ್ರ ಕೇಳಬೇಡಿ. ನಾನು ಹತ್ತಿದ ದೋಣಿ ಎಂದರೆ ಒಂದೇ. ಚಿಕ್ಕವಳಿದ್ದಾಗ, ಕೆರೆ ಕೋಡಿ ಬಿದ್ದ ವರ್ಷ, ನಮ್ಮಪ್ಪ ಬಾಳೆದಿಂಡುಗಳನ್ನು ಹಗ್ಗದಲ್ಲಿ ಬಿಗಿದು ನನ್ನನ್ನು ಮೇಲೆ ಕೂರಿಸಿ ನೂಕಿದ್ದ. ದಡ ಬಿಟ್ಟು ಮಾರು ದೂರ ಹೋಗುವಷ್ಟರಲ್ಲಿ ಹಗ್ಗ ಸಡಿಲವಾಯಿತು. ದಿಂಡುಗಳು ಆ ಕಡೆ ಈ ಕಡೆ ಹೋದವು, ನಾನು ನಡುವೆ ಹೋದೆ. ಅಪ್ಪ ಜಡೆ ಹಿಡಿದು ಎಳೆದು ಹಾಕಿದ. ಅವ್ವ ಬಂದವಳು ನನ್ನನ್ನು ನೋಡುವುದು ಬಿಟ್ಟು ಅಪ್ಪನ ಮೇಲೆ ಪೊರಕೆ ಎತ್ತಿದಳು. ಅದರಲ್ಲಿ ನನಗೆ ಚೆನ್ನಾಗಿ ನೆನಪಿರುವುದು ನೀರಿನ ರುಚಿ. ಎಮ್ಮೆ ತೊಳೆದ ನೀರು, ಬೆಚ್ಚಗಿತ್ತು. ಹಡಗಿನ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿದಿತ್ತು.

ಯಜಮಾನರದ್ದು ಅಷ್ಟೂ ಆಗಿರಲಿಲ್ಲ. ಹೊಲದ ಕೆಲಸ ಮೈಗೆ ಆಗದೆ ಹೋದಮೇಲೆ ಅವರು ದೇವನಹಳ್ಳಿ ಕಡೆ, ಎತ್ತರದ ಕಾಂಪೌಂಡಿನೊಳಗೆ ಒಂದೇ ಥರದ ಮನೆಗಳನ್ನು ಸಾಲಾಗಿ ಕಟ್ಟಿದ್ದಾರಲ್ಲ, ಅಂಥ ಕಡೆ ಗೇಟು ಕಾಯುವ ಕೆಲಸಕ್ಕೆ ಸೇರಿದ್ದರು. ಅಲ್ಲಿ ಯಾರೋ ಮನೆ ಖಾಲಿ ಮಾಡಿ ಹೋಗುವಾಗ ಬೇಡದ ಸಾಮಾನನ್ನು ಇವರಿಗೆ ಕೊಟ್ಟರು. ಒಂದು ಕಾಲು ಕುಂಟುವ ಕುರ್ಚಿ, ತಿರುಗುವಾಗ ಕಿರುಗುಟ್ಟುವ ಫ್ಯಾನು, ಒಂದು ರಟ್ಟಿನ ಪೆಟ್ಟಿಗೆ. ಕುರ್ಚಿ, ಫ್ಯಾನು ಸರಿ. ಪೆಟ್ಟಿಗೆಯನ್ನು ಅವರು ಮೊಟ್ಟೆ ತರುವ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡು ಬಂದರು.

"ಅದೇನು ತಂದ್ರಿ?" ಅಂದೆ.

"ಹಡಗು."

"ಎಲ್ಲೈತೆ ಹಡಗು?"

"ಒಳಗೈತೆ. ಚೂರು ಚೂರಾಗೈತೆ. ನಾವು ಕಟ್ಕೋಬೇಕು. ಯುದ್ಧದ ಹಡಗು ಕಣೇ."

"ಯಾರ ಮೇಲೆ ಯುದ್ಧ?"

"ಮೊದ್ಲು ಕಟ್ತೀನಿ ತಡಿ. ಆಮೇಲೆ ನಿನ್ ಮೇಲೇ ಶುರು ಮಾಡ್ತೀನಿ."

ಮದುವೆಯಾದಾಗಿನಿಂದ ಅವರು ನನ್ನ ಜೊತೆ ಆಡಿದ ಉದ್ದದ ಮಾತುಗಳಲ್ಲಿ ಇದೂ ಒಂದು.

ಪೆಟ್ಟಿಗೆಯ ಮುಚ್ಚಳದ ಮೇಲೆ ಚಿತ್ರವಿತ್ತು. ಮೂರು ಕಂಬ, ಅವುಗಳ ತುಂಬ ಒಣಗಲು ಹಾಕಿದ ಪಂಚೆಗಳ ಹಾಗೆ ಉಬ್ಬಿದ ಹಾಯಿಗಳು, ಹೊಟ್ಟೆಯ ಎರಡೂ ಪಕ್ಕದಲ್ಲಿ ಕಿಂಡಿ ಕಿಂಡಿಗೊಂದು ಫಿರಂಗಿಯ ಮೂತಿ. ನನ್ನ ಮೊಮ್ಮಗಳು ಸ್ಪಂದನ ಆಗ ರಜಕ್ಕೆ ಬಂದಿದ್ದಳು. ಮುಚ್ಚಳ ಓದಿ, "ಇದು ಸುಮ್ನೆ ಆಟದ ಸಾಮಾನಲ್ಲ ಅಜ್ಜಿ, ಯಾವ್ದೋ ಕಾಲದಲ್ಲಿ ನಿಜ್ವಾಗ್ಲೂ ಇದ್ದ ಹಡಗು. ಯುದ್ಧ ಗೆದ್ದಿತ್ತಂತೆ" ಎಂದು ಅದರ ಹೆಸರನ್ನೂ ಹೇಳಿದಳು. ನನ್ನ ನಾಲಿಗೆ ಆ ಕಡೆಗೆ ತಿರುಗಲಿಲ್ಲ. ಯಜಮಾನರು ಒಂದೆರಡು ಸಲ ಹೇಳಿ ನೋಡಿ, ಹಲ್ಲಿಗೆ ಸಿಕ್ಕಿಕೊಂಡಂತಾಗಿ ಬಿಟ್ಟುಬಿಟ್ಟರು. ಹಾಗಾಗಿ ನಮ್ಮನೆಯಲ್ಲಿ ಅದು ಬರೀ ಹಡಗು.

ಕೆಲಸದಿಂದ ಬಂದು, ಸ್ನಾನ ಮಾಡಿ, ಕಿಟಕಿ ಕೆಳಗೆ ಆ ಕುಂಟು ಕುರ್ಚಿಯಲ್ಲಿ ಕೂತರೆ ಅವರು ಯಾರಿಗೂ ಸಿಗುತ್ತಿರಲಿಲ್ಲ. ಊಟಕ್ಕೆ ಕರೆದರೆ "ಈ ಒಂದು ಫಿರಂಗಿ" ಎನ್ನುವರು. ಮುದ್ದೆ ಆರಿ ಕಲ್ಲಾಗುವುದು. ಒಂದು ದಿನ ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ: "ಬಾರಮ್ಮ... ಹಾ, ಹಂಗೇ... ಕೂತ್ಕೋ ತಾಯಿ, ನೋವಾಯ್ತಾ?" ಯಾರೋ ಬಂದಿದ್ದಾರೆ ಎಂದು ಸೆರಗು ಸರಿಮಾಡಿಕೊಂಡು ಹೋಗಿ ನೋಡಿದರೆ, ಉಗುರಿನಷ್ಟು ಉದ್ದದ ಫಿರಂಗಿಯನ್ನು ಕಿಂಡಿಯೊಳಕ್ಕೆ ತೂರಿಸುತ್ತಿದ್ದಾರೆ. ನನಗೆ ಹೆರಿಗೆ ನೋವು ಬಂದಿದ್ದಾಗ ಗಾಡಿ ಸಿಗುತ್ತಾ ನೋಡ್ತೀನಿ ಎಂದು ಹೋಗಿ, ಕೂಸು ಹುಟ್ಟಿದ ಮೇಲೆ ಬಂದ ಮನುಷ್ಯ.

ಬಣ್ಣದ ಡಬ್ಬಿ ಪೆಟ್ಟಿಗೆಯಲ್ಲಿ ಇರಲಿಲ್ಲ. ಸಂಕ್ರಾಂತಿಗೆ ಹೋರಿ ಕೊಂಬಿಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನೇ ಹಡಗಿನ ಹೊಟ್ಟೆಗೆ ಬಳಿದರು. ಚಿತ್ರದಲ್ಲಿ ಅದು ಕಪ್ಪು, ಮೇಲೆ ಹಳದಿ ಪಟ್ಟೆ. ಯಾವ ರಾಜನದ್ದೋ ಏನೋ, ನಮ್ಮಲ್ಲಿಗೆ ಬಂದಮೇಲೆ ಅದು ನಮ್ಮ ಹೋರಿಯ ಬಣ್ಣಕ್ಕೆ ತಿರುಗಿತು.

ಹೊಟ್ಟೆ ಮುಗಿಯಿತು. ಒಂದು ಪಕ್ಕದ ಫಿರಂಗಿಗಳು ಮುಗಿದವು. ಒಂದು ದಿನ ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರು. ಹೃದಯ ಎಂದರು ಡಾಕ್ಟರು.

ಆಮೇಲಿನದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ನನ್ನನ್ನು ಯಾರೂ ಬಿಟ್ಟುಹೋಗಿಲ್ಲ. ಮಗ ಮಂಜುನಾಥ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾನೆ, ಸೊಸೆ ರೂಪ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಸ್ಪಂದನ ತುಮಕೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಮಗ ಸೊಸೆ ದಿನಾ ಮನೆಗೆ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಒಳ್ಳೆಯವರೇ. ಆದರೆ ಗಾರ್ಮೆಂಟ್ಸಿನ ವ್ಯಾನು ಹಾರನ್ ಹೊಡೆದು ಹೋದಮೇಲೆ ಇಡೀ ಹಗಲು ನನ್ನ ಪಾಲಿಗೆ. ಟಿವಿ ಹಾಕಿದರೆ ಅದು ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಯಜಮಾನರು ಮಾತಾಡುವವರಲ್ಲ ನಿಜ, ಆದರೆ ನಾನು ಮಾಡಿದ್ದನ್ನು ನೋಡುತ್ತಿದ್ದರು. "ಉಪ್ಪು ಜಾಸ್ತಿ", "ಗುಡಿಸಿದ್ದು ಮೂಲೇಲಿ ಹಂಗೇ ಐತೆ", "ಈ ಸೀರೆ ನಿಂಗೆ ಸರಿ ಹೋಗಲ್ಲ." ಅಷ್ಟೇ. ಅವರು ಹೋದಮೇಲೆ ಸಾರಿಗೆ ಉಪ್ಪು ಹೆಚ್ಚುತ್ತಲೇ ಹೋಯಿತು. ಮಗ, ಸೊಸೆ ಇಬ್ಬರೂ ಫೋನು ನೋಡಿಕೊಂಡು ಉಣ್ಣುವವರು, ಏನೂ ಅನ್ನಲಿಲ್ಲ. ಕೊನೆಗೆ ಒಂದು ದಿನ ನನಗೇ ನುಂಗಲಾಗದಾಗ ಗೊತ್ತಾಯಿತು.

ಹಡಗನ್ನು ಮೊದಲು ನಾನು ಸಾಗಹಾಕಲು ನೋಡಿದೆ. ಹಳೇ ಪ್ಲಾಸ್ಟಿಕ್ಕಿಗೆ ಬೆಳ್ಳುಳ್ಳಿ ಕೊಡುವ ಗುಜರಿಯವನು ಮೊಪೆಡ್ಡಿನಲ್ಲಿ ಕೂಗಿಕೊಂಡು ಬಂದಾಗ ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟೆ. ಒಡೆದ ಕೊಡ, ಹರಿದ ಚಪ್ಪಲಿ ತೂಗುವ ತಕ್ಕಡಿಗೆ ಹಡಗನ್ನು ಹಾಕಿದ. ತಕ್ಕಡಿ ಅಲ್ಲಾಡಲಿಲ್ಲ.

"ಇದಕ್ಕೆ ಒಂದು ಗೆಡ್ಡೆ ಬೆಳ್ಳುಳ್ಳಿನೂ ಬರಲ್ಲ ಕಣಮ್ಮ. ಬರೀ ಗಾಳಿ."

"ಯುದ್ಧದ ಹಡಗಪ್ಪ ಅದು. ಫಿರಂಗಿ ಐತೆ ನೋಡು."

"ಫಿರಂಗಿ ಇದ್ರೆ ಏನು ಮಾಡ್ಲಿ? ಒಂದು ಬಕೀಟು ಇದ್ರೆ ಹಾಕಮ್ಮ. ಸೇರಿಸಿ ಎರಡು ಗೆಡ್ಡೆ ಕೊಡ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. ಒಬ್ಬ ಮನುಷ್ಯ ಮುದ್ದೆ ಆರಿಸಿಕೊಂಡು ಕೂತು ಮಾಡಿದ ಕೆಲಸ, ಅರ್ಧ ಬಕೀಟಿಗೂ ಸಮ ಇಲ್ಲವಾ? ಹಡಗನ್ನು ತಕ್ಕಡಿಯಿಂದ ಎತ್ತಿಕೊಂಡು ಒಳಗೆ ಬಂದೆ. ಬಂದವಳಿಗೆ ಎಲ್ಲಿಡುವುದು ತಿಳಿಯಲಿಲ್ಲ. ಕಿಟಕಿ ಕೆಳಗಿನ ಕುಂಟು ಕುರ್ಚಿಯಲ್ಲಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಶುರುವಾದದ್ದು ಹಾಗೆ. ಅವರ ನೆನಪಿಗೆ ಅಂತ ಶುರುಮಾಡಿದೆ ಎಂದು ರೂಪ ಎಲ್ಲರಿಗೂ ಹೇಳುತ್ತಾಳೆ. ಬೆಳ್ಳುಳ್ಳಿಯ ಸಿಟ್ಟಿಗೆ ಶುರುಮಾಡಿದ್ದು.

ಕೆಲಸ ಹೇಗಿರುತ್ತದೆ ಎಂದರೆ, ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳು ಇರುತ್ತವೆ. ಬಳ್ಳಿಯಲ್ಲಿ ಕಾಯಿ ಬಿಟ್ಟಂತೆ ಕಡ್ಡಿಗಳಿಗೆ ಹಡಗಿನ ಚೂರುಗಳು ಅಂಟಿಕೊಂಡಿರುತ್ತವೆ, ಒಂದೊಂದಕ್ಕೂ ಒಂದು ಅಂಕಿ. ಹಾಳೆಯಲ್ಲಿ ಚಿತ್ರ ನೋಡಿಕೊಂಡು, ಅಂಕಿ ಹುಡುಕಿ, ಕತ್ತರಿಸಿ, ಅಂಟಿಸಬೇಕು. ಅಂಕಿ ನನಗೆ ಬರುತ್ತದೆ. ಕತ್ತರಿಸಲು ನನ್ನ ಅಡಕೆ ಕತ್ತರಿ, ಹಿಡಿಯಲು ಮುಳ್ಳು ತೆಗೆಯುವ ಚಿಮಟ. ಚೂರುಗಳು ಜಿಡ್ಡು ಜಿಡ್ಡಾಗಿದ್ದವು, ಮೊದಲೇ ಎಲ್ಲವನ್ನೂ ಸೀಗೆಪುಡಿ ಹಾಕಿ ಉಜ್ಜಿ ಮೊರದಲ್ಲಿ ಒಣಗಿಸಿದೆ. ಕಾಗೆ ಒಂದು ಲಂಗರು ಎತ್ತಿಕೊಂಡು ಹೋಯಿತು. ಆಮೇಲೆ ಸಿಕ್ಕಲಿಲ್ಲ. ಹಾಗಾಗಿ ನಮ್ಮ ಹಡಗು ನಿಲ್ಲುವುದಾದರೆ ಒಂದೇ ಲಂಗರಿನಲ್ಲಿ ನಿಲ್ಲಬೇಕು.

ಪೆಟ್ಟಿಗೆಯ ಅಂಟು ಒಣಗಿ ಹೋಗಿತ್ತು. ಅಂಗಡಿಯಲ್ಲಿ ಸಿಗುವ ಹನಿ ಗೋಂದು ತಂದೆ. ಅದು ಪ್ಲಾಸ್ಟಿಕ್ಕಿಗಿಂತ ಚರ್ಮವನ್ನು ಚೆನ್ನಾಗಿ ಹಿಡಿಯುತ್ತದೆ. ಒಂದು ಮಧ್ಯಾಹ್ನ ಫಿರಂಗಿಗೆ ಹೆಬ್ಬೆಟ್ಟು ಅಂಟಿಕೊಂಡು, ಬಿಡಿಸಲು ಒಬ್ಬರೂ ಇಲ್ಲದೆ, ಹಡಗನ್ನು ಕಂಕುಳಲ್ಲಿ ಎತ್ತಿಕೊಂಡೇ ಹಾಲು ಕಾಯಿಸಿದೆ. ಕೊನೆಗೆ ಬಿಸಿನೀರಲ್ಲಿ ಅದ್ದಿ ಎಳೆದರೆ ಮೇಲಿನ ಚರ್ಮ ಫಿರಂಗಿಯ ಪಾಲಾಯಿತು. ಮರುದಿನ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ನು ನನ್ನನ್ನು ಗುರುತಿಸಲಿಲ್ಲ.

"ಏನಜ್ಜಿ, ಗೆರೆನೇ ಇಲ್ವಲ್ಲ. ಎಲ್ಲಿ ಸವೆಸ್ಕೊಂಡೆ?" ಅಂದ ಅಂಗಡಿಯವನು.

"ಹಡಗಿಗೆ ಅಂಟ್ಕೊಂಡದೆ."

"ಯಾವ ಹಡಗು?"

"ಯುದ್ಧದ್ದು."

ಹಿಂದೆ ಸಾಲಿನಲ್ಲಿ ನಿಂತಿದ್ದವಳು ಪಕ್ಕದವಳಿಗೆ, "ಪಾಪ, ಯಜಮಾನ ಹೋದ್ಮೇಲೆ ಹಿಂಗಾಗವ್ಳೆ" ಎಂದಳು, ನನಗೆ ಕೇಳುವ ಹಾಗೆ.

"ತಲೆ ಸರಿಗೈತೆ ಕಣವ್ವ," ಅಂದೆ. "ಹೆಬ್ಬೆಟ್ಟೊಂದೇ ಕೆಟ್ಟಿರೋದು."

ಬೇರೆ ಬೆರಳು ಒತ್ತಿ ಅಕ್ಕಿ ತಂದೆ. ಆದರೆ ದಾರಿಯುದ್ದಕ್ಕೂ ಒಂದು ಯೋಚನೆ ಬಂತು: ಇಷ್ಟು ವರ್ಷ ಇದೇ ಊರಲ್ಲಿ ಬದುಕಿದ್ದೇನೆ, ಒಂದು ಬೆರಳಿನ ಸಿಪ್ಪೆ ಹೋದರೆ ನಾನು ನಾನೇ ಎಂದು ಹೇಳಲು ಯಾರನ್ನು ಕರೆದುಕೊಂಡು ಹೋಗಬೇಕು?

ಕಂಬಗಳಿಗೆ ಬಂದಾಗ ಕಷ್ಟ ಶುರುವಾಯಿತು. ಒಂದು ಕಂಬದಿಂದ ಇನ್ನೊಂದಕ್ಕೆ, ಕಂಬದಿಂದ ಅಂಚಿಗೆ, ಜೇಡರ ಬಲೆಯ ಹಾಗೆ ದಾರ ಕಟ್ಟಬೇಕು. ಹಾಳೆಯ ಚಿತ್ರದಲ್ಲಿ ನಾಲ್ಕು ಕೈಗಳಿದ್ದವು. ಎರಡು ಕೈ ಕಂಬ ಹಿಡಿದಿದ್ದವು, ಎರಡು ಕೈ ದಾರ ಎಳೆಯುತ್ತಿದ್ದವು. ನಾನು ಆ ಚಿತ್ರವನ್ನು ತುಂಬ ಹೊತ್ತು ನೋಡಿದೆ. ಹಡಗು ಕಟ್ಟುವವರಿಗೆ ಮನೆಯಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ ಎಂದು ಅದನ್ನು ಬರೆದವನು ಅಂದುಕೊಂಡಿರಬೇಕು.

ದಾರ ಮಾತ್ರ ನನ್ನ ಹತ್ತಿರ ಅವರು ಕೊಟ್ಟದ್ದಕ್ಕಿಂತ ಒಳ್ಳೆಯದಿತ್ತು. ಶಾಲೆ ಬಿಡಿಸಿದ ಮೇಲೆ ನನ್ನನ್ನು ದೇವನಹಳ್ಳಿ ಹತ್ತಿರದ ವಿಜಯಪುರದ ಸೋದರತ್ತೆ ಮನೆಗೆ ಕಳಿಸಿದ್ದರು, ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ. ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಪೊರಕೆಕಡ್ಡಿಯಲ್ಲಿ ತಡವಿ ಒಂದೊಂದರ ಎಳೆಯ ತುದಿ ಹುಡುಕಬೇಕು. ತುದಿ ಸಿಕ್ಕಿದರೆ ಗೂಡು ತಾನೇ ಬಿಚ್ಚಿಕೊಳ್ಳುತ್ತದೆ, ಒಳಗಿನ ಹುಳು ಬೆತ್ತಲಾಗುವವರೆಗೂ. ಕೈಯ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅತ್ತೆಯ ಮಕ್ಕಳು ನನ್ನ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ನಾನು ಹಿತ್ತಲ ಮೆಟ್ಟಿಲ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆ. ಅಲ್ಲೊಂದು ನಾಯಿ ಇತ್ತು, ಅದಕ್ಕೆ ಆ ವಾಸನೆ ಇಷ್ಟ. ಅಲ್ಲಿಂದ ಬರುವಾಗ ಅತ್ತೆ ಕೊಟ್ಟಿದ್ದ ಒಂದು ಲಡಿ ನೂಲು ಟ್ರಂಕಿನ ತಳದಲ್ಲಿ ಹಾಗೇ ಉಳಿದಿತ್ತು. ಏನಾದರೂ ಒಳ್ಳೆಯದಕ್ಕೆ ಆಗುತ್ತದೆ ಎಂದು ಇಟ್ಟಿದ್ದು. ಮದುವೆಗೂ ಆಗಲಿಲ್ಲ, ಮಕ್ಕಳ ಬಟ್ಟೆಗೂ ಆಗಲಿಲ್ಲ, ಯುದ್ಧಕ್ಕಾಯಿತು.

ನಾಲ್ಕು ಕೈ ಇಲ್ಲವಲ್ಲ, ಹೂ ಕಟ್ಟುವವರ ಹಾಗೆ ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದೆ, ಇನ್ನೊಂದನ್ನು ಹಲ್ಲಿಗೆ. ಉಳಿದಿರುವ ಹಲ್ಲಿಗೆ. ಹಾಗೆ ಕೂತಿದ್ದಾಗ ಗಮನಿಸಿದೆ: ಇಷ್ಟು ದೊಡ್ಡ ಹಡಗಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ಫಿರಂಗಿ ಇವೆ, ಹಚ್ಚುವವರಿಲ್ಲ. ಚುಕ್ಕಾಣಿ ಇದೆ, ಹಿಡಿಯುವವರಿಲ್ಲ. ಚೌಕಟ್ಟುಗಳನ್ನೆಲ್ಲ ತಿರುಗಿಸಿ ನೋಡಿದೆ, ಮನುಷ್ಯರನ್ನೇ ಕೊಟ್ಟಿರಲಿಲ್ಲ. ಸ್ಪಂದನಳಿಗೆ ಫೋನು ಮಾಡಿ ಕೇಳಿದೆ.

"ಅಷ್ಟು ಚಿಕ್ಕ ಹಡಗಿಗೆ ಮನುಷ್ಯರು ಇರುವೆ ಥರ ಇರ್ತಾರೆ ಅಜ್ಜಿ, ಅದಕ್ಕೇ ಕೊಟ್ಟಿರಲ್ಲ. ಫೋಟೋ ಕಳ್ಸು, ನೋಡ್ತೀನಿ."

ರೂಪಳ ಕೈಯಲ್ಲಿ ಫೋಟೋ ತೆಗೆಸಿ ಕಳಿಸಿದೆ. "ಸೂಪರ್ ಅಜ್ಜಿ" ಎಂದು ಬಂತು, ಒಂದು ಚಪ್ಪಾಳೆ. ರೂಪ "ಚೆನ್ನಾಗೈತೆ ಅತ್ತೆ" ಎಂದಳು, ಸೊಪ್ಪು ಬಿಡಿಸುತ್ತಾ. ಮಂಜು "ಓ" ಎಂದ. ನಡುವಿನ ಕಂಬದ ಒಂದು ಹಾಯಿಯನ್ನು ನಾನು ಹಿಂದುಮುಂದಾಗಿ ಅಂಟಿಸಿದ್ದೆ ಎಂಬ ಅನುಮಾನ ನನಗೆ ಆಗಲೇ ಇತ್ತು. ಮೂವರೂ ನೋಡಿದರು, ಮೂವರಿಗೂ ಕಾಣಲಿಲ್ಲ. ಕಾಣುವಂಥ ಕಣ್ಣು ಒಂದೇ ಇತ್ತು, ಅದು ಮುಚ್ಚಿತ್ತು.

ಆಗ ನನಗೆ ಎಡೆಯ ವಿಚಾರ ಹೊಳೆಯಿತು. ಮಾಳಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಏನೇನು ಇಷ್ಟವೋ ಅದೆಲ್ಲ. ಕೋಣೆಯಲ್ಲಿ ಕಳಶ ಇಟ್ಟು, ಹೊಸ ಪಂಚೆ ಸುತ್ತಿ, ಎಲೆ ಹಾಕಿ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಣ್ಣುವಾಗ ನಾವು ನೋಡಬಾರದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಇಷ್ಟು ವರ್ಷ ನಾನೇ ಅತ್ತೆ ಮಾವನಿಗೆ ಇಟ್ಟಿದ್ದೇನೆ. ಇರುವೆ ಬಂದದ್ದನ್ನು ಕಂಡಿದ್ದೇನೆ, ಒಂದು ಸಲ ಬೆಕ್ಕು ಬಂದದ್ದನ್ನು. ಬೇರೆ ಯಾರನ್ನೂ ಕಂಡಿಲ್ಲ.

ಆದರೂ ಇದು ಯಜಮಾನರಿಗೆ ವರ್ಷ ತುಂಬಿದ ಮೇಲೆ ಬಂದ ಮೊದಲ ಅಮಾವಾಸ್ಯೆ. ಹಡಗನ್ನು ಅಷ್ಟರೊಳಗೆ ಮುಗಿಸಿ ಎಡೆಗೆ ಇಡುತ್ತೇನೆ ಎಂದೆ.

"ಎಡೆಗೆ ಪ್ಲಾಸ್ಟಿಕ್ ಇಡ್ತಾರೇನವ್ವಾ?" ಎಂದ ಮಂಜು.

"ಬ್ರಾಂದಿ ಇಡಬೋದು, ಬೀಡಿ ಇಡಬೋದು, ಹಡಗು ಇಡಬಾರ್ದಾ?"

"ಅದು ತಿನ್ನೋದು ಕುಡಿಯೋದು. ಸರಿ ಇಡು, ಅದ್ಕ್ಯಾಕೆ ಇಷ್ಟು ಅವಸರ? ಆದಷ್ಟು ಮಾಡಿ ಇಡು."

"ಅರ್ಧ ಬೆಂದ ಅನ್ನ ಇಡ್ತೀಯೇನ್ಲಾ ನಿಮ್ಮಪ್ಪಂಗೆ?"

ನನಗೆ ಬೇಕಾಗಿದ್ದದ್ದನ್ನು ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಅವರು ಬಂದು ಒಂದು ಸಲ ಹಡಗನ್ನು ತಿರುಗಿಸಿ ನೋಡಿ, "ಈ ಹಾಯಿ ಉಲ್ಟಾ ಐತೆ" ಎನ್ನಬೇಕಿತ್ತು. ಅಷ್ಟು ಸಾಕಿತ್ತು. ಬರುವುದಿಲ್ಲ ಎಂದು ಗೊತ್ತಿದ್ದವಳೇ ಕಣ್ಣು ನೀರಾಡುವವರೆಗೂ ಕೂತು ದಾರ ಬಿಗಿದೆ. ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದ ದಿನ ಕೊನೆಯ ಕಂಬದ ತುದಿಗೆ ಬಾವುಟ ಅಂಟಿಸಿದೆ. ಪೆಟ್ಟಿಗೆಯ ಬಾವುಟ ಹರಿದಿತ್ತು. ಅವರ ಹಳೇ ಟವೆಲಿನ ಅಂಚು ಕತ್ತರಿಸಿ ಹಾಕಿದೆ.

ಅಮಾವಾಸ್ಯೆಗೆ ಹೊಸಕೋಟೆಯಿಂದ ಪುಟ್ಟಮ್ಮ ಬಂದಳು. ಯಜಮಾನರ ತಂಗಿ. ಬಸ್ಸಿಳಿದಾಗಿನಿಂದ ಅಳು, ನಡುನಡುವೆ ವಡೆ. ಸ್ಪಂದನ ತುಮಕೂರಿನಿಂದ ಬಂದಳು. ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ, ಪಾಯಸ, ಬೀಡಿ ಕಟ್ಟು, ಒಂದು ಕ್ವಾರ್ಟರ್ ಬಾಟಲಿ, ಎಲ್ಲ ಇಟ್ಟೆವು. ಹಡಗನ್ನು ನಾನು ಕಳಶದ ಎಡಕ್ಕೆ, ದೀಪದಿಂದ ದೂರವಾಗಿ ಇಟ್ಟೆ. ನಮ್ಮದು ಎತ್ತರದ ಕಂಬದ ದೀಪ, ಬತ್ತಿ ಸರಿಯಾಗಿ ಹಾಯಿಗಳ ಎತ್ತರಕ್ಕೆ ಬರುತ್ತದೆ. ನಾನು ಸಾಂಬ್ರಾಣಿಗೆ ಕೆಂಡ ತರಲು ಹೋದಾಗ ಪುಟ್ಟಮ್ಮ "ಅಣ್ಣಂಗೆ ಸರಿಯಾಗಿ ಕಾಣ್ಲಿ" ಎಂದು ದೀಪವನ್ನು ಹಡಗಿನ ಪಕ್ಕಕ್ಕೇ ಸರಿಸಿದ್ದಾಳೆ. ಹೊಗೆಯಲ್ಲಿ ನಾನು ನೋಡಲಿಲ್ಲ. ಲೈಟು ಆರಿಸಿ ಬಾಗಿಲು ಮುಂದಕ್ಕೆ ಎಳೆದೆವು.

ಜಗಲಿಯ ಮೇಲೆ ಎಲ್ಲರೂ ಕೂತೆವು. ಪುಟ್ಟಮ್ಮ ಯಾರನ್ನೂ ಮಾತಾಡಲು ಬಿಡಲಿಲ್ಲ. ಮಂಜು ಫೋನು ತೆಗೆದರೆ ತೊಡೆಗೆ ಹೊಡೆದಳು. ಆಮೇಲೆ ಅವಳೇ ಕೆಮ್ಮಿ, ಬಾಗಿಲು ತಟ್ಟಿ, ಮೊದಲು ಒಳಗೆ ಹೋದಳು.

"ಅಯ್ಯೋ ಶಿವನೇ! ಬನ್ರೋ, ನೋಡ್ರೋ! ಬಂದವ್ನೆ! ನಮ್ಮಣ್ಣ ಬಂದವ್ನೆ!"

ಮೂರು ಕಂಬಗಳೂ ಎಲೆಯ ಕಡೆಗೆ ವಾಲಿದ್ದವು. ಹಾಯಿಗಳು ಒಳಗಿನಿಂದ ಯಾರೋ ಊದಿದಂತೆ ಉಬ್ಬಿ ಸೊಟ್ಟಗಾಗಿದ್ದವು. ನಿಜ ಹೇಳುತ್ತೇನೆ, ನೋಡಲು ಜೋರು ಗಾಳಿಯಲ್ಲಿ ಹೊರಟ ಹಡಗಿನ ಹಾಗೇ ಇತ್ತು.

"ಗಾಳಿ ಬೀಸಿದಂಗೇ ಐತೆ ಅಲ್ವಾಪ್ಪಾ!" ಎಂದು ಸ್ಪಂದನ ಫೋಟೋ ತೆಗೆದಳು. ರೂಪ ನೆಲಕ್ಕೆ ಹಣೆ ಹಚ್ಚಿದಳು. ಮಂಜು, ನನ್ನ ಮಗ, ಅಪ್ಪನ ಮಣ್ಣಿಗೂ ಅಳದವನು, ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತ.

"ದೀಪ ಹತ್ರ ಐತೆ," ಅಂದೆ. "ಕಾವಿಗೆ ಬಗ್ಗೈತೆ."

"ನಿನ್ ಬಾಯಿಗಿಷ್ಟು ಬೂದಿ ಹಾಕ! ಕಾವಿಗೆ ಬಗ್ಗೋದಾದ್ರೆ ಹೊಟ್ಟೆ ಯಾಕೆ ಹಂಗೇ ಐತೆ ಅತ್ಗೆ? ಅವ್ನು ಮಾಡಿದ್ದು ಒಂಚೂರೂ ಅಲ್ಲಾಡಿಲ್ಲ. ನೀನು ಮಾಡಿದ್ದನ್ನ ಮಾತ್ರ ಮುಟ್ಟವ್ನೆ, ನೋಡು!"

"ಕಾವು ಮೇಲಕ್ಕೆ ಹೋಗ್ತದೆ ಪುಟ್ಟಮ್ಮ. ಒಲೆ ಹಚ್ಚಿರೋಳಿಗೆ ಗೊತ್ತಿರ್ತದೆ. ಒಂದು ಕಂಬ ಬಗ್ಗಿದ್ರೆ ದಾರ ಉಳಿದವ್ನೂ ಎಳ್ಕೊಂತದೆ. ಬಿಗಿಯಾಗಿ ಕಟ್ಟಿದ್ದೆ."

ಯಾರೂ ಕೇಳಿಸಿಕೊಳ್ಳಲಿಲ್ಲ. ಆ ದಿನ ನಮ್ಮನೆಯಲ್ಲಿ ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತು, ಫೋನು ಬದಿಗಿಟ್ಟು ಉಂಡರು. ಮಂಜುಗೆ ಜಗಲಿಯಲ್ಲಿ ಕೂತಿದ್ದಾಗಲೇ ಬೀಡಿ ವಾಸನೆ ಬಂದಿತ್ತಂತೆ. ರೂಪಳಿಗೆ ಒಳಗೆ ಯಾರೋ ಕುರ್ಚಿ ಎಳೆದಂತೆ ಕೇಳಿಸಿತ್ತಂತೆ. ಸ್ಪಂದನ "ತಾತ ಬಂದಿದ್ರು" ಎಂದು ಫೋಟೋವನ್ನು ನೆಂಟರಿಗೆಲ್ಲ ಕಳಿಸಿದಳು. ಅವರು ಬದುಕಿದ್ದಾಗ ಒಂದು ದಿನವೂ ಆಡದ ಮಾತುಗಳನ್ನೆಲ್ಲ ಆಡಿದ್ದರು ಎಂದು ಇವರೇ ಕಟ್ಟಿ ಹೇಳಿಕೊಂಡು ನಕ್ಕರು. ಕೋಳಿ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅದನ್ನು ಯಾರೂ ಹೇಳಲಿಲ್ಲ.

ನಾನು ಬಡಿಸುತ್ತಾ ಯೋಚಿಸಿದೆ. ಎಲ್ಲರಿಗೂ ಅವರು ಬಂದು ಹೋಗಿದ್ದರು. ನನಗೊಬ್ಬಳಿಗೆ ದೀಪ ಹತ್ತಿರ ಇತ್ತು. ಪುಟ್ಟಮ್ಮನ ಮಾತು ನಿಜ ಎಂದೇ ಇಟ್ಟುಕೊಂಡರೂ, ನನ್ನ ಕೆಲಸವನ್ನಷ್ಟೇ ಬಗ್ಗಿಸಿ ಹೋಗಿದ್ದಾರೆ ಎಂದರೆ ಸರಿಯಾಗಿಲ್ಲ ಎಂದೇ ಅರ್ಥ. ಹಿಂದುಮುಂದಾಗಿದ್ದ ಆ ಹಾಯಿ ಈಗ ಎಲ್ಲಕ್ಕಿಂತ ಹೆಚ್ಚು ಸೊಟ್ಟಗಾಗಿ, ಸರಿಯಿತ್ತೋ ಇಲ್ಲವೋ ಎಂದು ಕೇಳುವ ಹಾಗೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಪುಟ್ಟಮ್ಮ ಮೊದಲ ಬಸ್ಸಿಗೆ ಹೋದಳು. ಸ್ಪಂದನಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಮಂಜು ಹಾಗೇ ಶಿಫ್ಟಿಗೆ ಹೋದ. ವ್ಯಾನು ಹಾರನ್ ಹೊಡೆಯಿತು, ರೂಪ ಹೋದಳು. ನಾನು ಕೋಣೆಗೆ ಹೋಗಿ, ಪೆಟ್ಟಿಗೆಯಲ್ಲಿ ಉಳಿದಿದ್ದ ಚೌಕಟ್ಟಿನಿಂದ ಒಂದು ಕಡ್ಡಿ ಮುರಿದೆ. ಸೇರನ್ನು ಬೋರಲು ಹಾಕಿ, ಅದರ ಮೇಲೆ ನಿನ್ನೆಯ ತಂಗಳು ಮುದ್ದೆ ಇಟ್ಟು, ಮುದ್ದೆಗೆ ಕಡ್ಡಿ ಚುಚ್ಚಿ ನಿಲ್ಲಿಸಿದೆ. ದೀಪವನ್ನು ಪುಟ್ಟಮ್ಮ ಇಟ್ಟಿದ್ದಷ್ಟೇ ಹತ್ತಿರ ಇಟ್ಟು, ಎಣ್ಣೆ ಹಾಕಿ ಹಚ್ಚಿದೆ. ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದು ಜಗಲಿಯ ಮೇಲೆ ಕೂತೆ.

ಕೂತ ಮೇಲೆ ಹೊಳೆಯಿತು, ಇದಕ್ಕೆ ಹೊರಗೆ ಕೂರಬೇಕಾಗಿರಲಿಲ್ಲ. ಕಡ್ಡಿ ಬಗ್ಗುವುದನ್ನು ಎದುರಿಗೇ ಕೂತು ನೋಡಬಹುದಿತ್ತು. ಏಳಲಿಲ್ಲ.

ಬೆಳ್ಳುಳ್ಳಿಯವನು ಮೊಪೆಡ್ಡಿನಲ್ಲಿ ಬಂದ. ನನ್ನನ್ನು ನೋಡಿ ನಿಲ್ಲಿಸಿದ.

"ಏನಮ್ಮ, ಬೆಳಗ್ಗೆ ಬೆಳಗ್ಗೇನೇ ಒಬ್ಬರೇ ಆಚೆ ಕೂತಿದ್ದೀರಾ? ಮನೇಲಿ ಯಾರೂ ಇಲ್ವಾ?"

"ಅವ್ರೆ ಒಳಗೆ," ಅಂದೆ. "ಉಣ್ತಾವ್ರೆ."

ಮನೆಯಲ್ಲಿ ಒಬ್ಬಳೇ ಇದ್ದೇನೆ ಎಂದು ಬೀದಿಯಲ್ಲಿ ಹೋಗುವವನಿಗೆ ಹೇಳುವುದು ಒಳ್ಳೆಯದಲ್ಲ, ಅದಕ್ಕೇ ಹಾಗೆ ಹೇಳಿದ್ದು. ಅವನು ಕೂಗಿಕೊಂಡು ಮುಂದಿನ ಬೀದಿಗೆ ಹೋದ. ಕೂಗು ಕೇಳಿಸದಾಗುವವರೆಗೂ ಕೂತಿದ್ದೆ. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಕೆಮ್ಮಿ, ಬಾಗಿಲು ತಟ್ಟಿದೆ.